ಸೇಡಿನ ರುದ್ರನಾಟಕದ ನಾಯಕ ಮತ್ತು ಪ್ರೇಕ್ಷಕರ ಸಹಾನುಭೂತಿ

ಸೇಡಿನ ರುದ್ರನಾಟಕ ಇಂಗ್ಲೆಂಡಿನ ನವೋದಯ ಕಾಲದ ಪ್ರಮುಖ ನಾಟಕಪ್ರಕಾರಗಳಲ್ಲಿ ಒಂದು. 1580ರ ದಶಕದ ಕೊನೆಯಲ್ಲಿ ಹುಟ್ಟಿ, 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳನ್ನು ಮುಚ್ಚಿಸುವವರೆಗೂ ಲಂಡನ್ನಿನ ರಂಗಮಂದಿರಗಳಲ್ಲಿ ಅದು ಒಂದಲ್ಲ ಒಂದು ರೂಪದಲ್ಲಿ ನಡೆದುಬಂತು. ಮಗನನ್ನೋ ತಂದೆಯನ್ನೋ ಪ್ರಿಯೆಯನ್ನೋ ಕಳೆದುಕೊಂಡು, ಕೊಂದವರಿಗೆ ಶಿಕ್ಷೆಯಾಗುವ ದಾರಿ ಕಾಣದೆ ತಾನೇ ಕತ್ತಿ ಹಿಡಿಯುವ ವ್ಯಕ್ತಿ ಅದರ ನಾಯಕ. ನಾಟಕ ಮುಗಿಯುವ ಹೊತ್ತಿಗೆ ಅವನೂ ಕೊಲೆಗಾರನಾಗಿರುತ್ತಾನೆ. ಚರ್ಚು ಪಾಪವೆಂದು ಸಾರುತ್ತಿದ್ದ, ಕಾನೂನು ಗಲ್ಲಿಗೇರಿಸುತ್ತಿದ್ದ ಕೃತ್ಯವನ್ನು ಮಾಡುವವನೊಬ್ಬನಿಗಾಗಿ ಎರಡು ಮೂರು ಸಾವಿರ ಜನ ಒಟ್ಟಿಗೆ ಮರುಗಿದ್ದು ಹೇಗೆ ಎಂಬ ಪ್ರಶ್ನೆಯನ್ನು ವಿಮರ್ಶಕರು ಒಂದು ಶತಮಾನದಿಂದ ಕೇಳುತ್ತ ಬಂದಿದ್ದಾರೆ. ನಾಟಕಗಳನ್ನೇ ಸಾಕ್ಷಿಯಾಗಿ ಹಿಡಿದರೆ ದೊರೆಯುವ ಉತ್ತರ ಇದು: ಪ್ರೇಕ್ಷಕರ ಮರುಕ ಹುಟ್ಟುತ್ತಿದ್ದುದು ಸೇಡು ತೀರುವ ಗಳಿಗೆಯಲ್ಲಲ್ಲ, ಅದಕ್ಕೂ ಮುಂಚೆ ನಾಯಕ ನ್ಯಾಯಕ್ಕಾಗಿ ಬಾಗಿಲಿಂದ ಬಾಗಿಲಿಗೆ ಅಲೆದು ಬರಿಗೈಯಲ್ಲಿ ಮರಳುವ ದೃಶ್ಯಗಳಲ್ಲಿ.

ಈ ಪ್ರಕಾರದ ಬೇರು ರೋಮಿನ ಸೆನೆಕನಲ್ಲಿದೆ. ಅವನ ‘ಥೈಯೆಸ್ಟೀಸ್’ ನಾಟಕವನ್ನು ಜಾಸ್ಪರ್ ಹೇವುಡ್ 1560ರಲ್ಲಿ ಇಂಗ್ಲಿಷಿಗೆ ತಂದ; 1581ರಲ್ಲಿ ಥಾಮಸ್ ನ್ಯೂಟನ್ ಸೆನೆಕನ ಹೆಸರಿನ ಹತ್ತು ನಾಟಕಗಳನ್ನು ಒಂದೇ ಸಂಪುಟದಲ್ಲಿ ಹೊರತಂದ. ಸೇಡು ಕೇಳುವ ಪ್ರೇತ, ಉದ್ದುದ್ದ ಸ್ವಗತ, ಮಕ್ಕಳ ಮಾಂಸವನ್ನು ತಂದೆಗೇ ಬಡಿಸುವ ಔತಣ, ಇವೆಲ್ಲ ಅಲ್ಲಿಂದ ಬಂದವು. ಆದರೆ ಆ ಔತಣ ಬಡಿಸುವ ಸೆನೆಕನ ಏಟ್ರಿಯಸ್ ಸೇಡನ್ನು ಸವಿಯುವ ದೊರೆ. ನೋಡುವವರಿಗೆ ಅವನ ಬಗ್ಗೆ ಹುಟ್ಟುವುದು ಭಯವೇ ಹೊರತು ಕನಿಕರವಲ್ಲ. ಇಟಲಿಯಲ್ಲಿ 1541ರಲ್ಲಿ ಫೆರಾರಾದಲ್ಲಿ ಆಡಿದ ಜಿರಾಲ್ಡಿ ಚಿಂತಿಯೋನ ‘ಓರ್ಬೆಕೆ’ ಕೂಡ ಹೆಚ್ಚಾಗಿ ಸೆನೆಕನ ದಾರಿಯನ್ನೇ ಹಿಡಿಯಿತು. ಸ್ಪೇನಿನ ರಂಗಭೂಮಿಯಲ್ಲಿ ಸೇಡು ಮಾನಮರ್ಯಾದೆಯ ನಾಟಕಗಳೊಳಗೆ ಸೇರಿಕೊಂಡು ಬೇರೆಯೇ ನೀತಿಗೆ ಒಳಪಟ್ಟಿತು. ಇಂಗ್ಲಿಷ್ ನಾಟಕಕಾರರು ಮಾಡಿದ ದೊಡ್ಡ ಬದಲಾವಣೆಯೆಂದರೆ ದುಃಖವನ್ನು ಸೇಡಿನವನ ಎದೆಯೊಳಗೇ ಇರಿಸಿದ್ದು. ಕತ್ತಿ ಹಿಡಿದವನೇ ಅತ್ಯಂತ ನೊಂದವನೂ ಆದದ್ದು ಅಲ್ಲಿಂದ ಮುಂದೆ.

ಈ ಬದಲಾವಣೆಯ ಶ್ರೇಯಸ್ಸು ಥಾಮಸ್ ಕಿಡ್‌ಗೆ ಸಲ್ಲಬೇಕು. 1587ರ ಸುಮಾರಿಗೆ ರಚಿತವಾಗಿ 1592ರಲ್ಲಿ ಅಚ್ಚಾದ ಅವನ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ಯ ನಾಯಕ ಹಿಯರೋನಿಮೊ ವೃತ್ತಿಯಲ್ಲಿ ನ್ಯಾಯಾಧಿಕಾರಿ, ಸ್ಪೇನಿನ ಅರಮನೆಯ ನೈಟ್ ಮಾರ್ಷಲ್. ಒಂದು ರಾತ್ರಿ ಹೆಣ್ಣಿನ ಕೂಗು ಕೇಳಿ ಮಲಗಿದ ಉಡುಪಿನಲ್ಲೇ ತೋಟಕ್ಕೆ ಓಡಿಬರುವ ಅವನಿಗೆ ಲತಾಮಂಟಪದಲ್ಲಿ ನೇತಾಡುವ ಹೆಣವೊಂದು ಕಾಣುತ್ತದೆ. ಯಾರದೋ ಹೆಣವೆಂದು ಹಗ್ಗ ಕತ್ತರಿಸಿ ಇಳಿಸಿದ ಮೇಲೆ ತನ್ನ ಮಗ ಹೊರೇಶಿಯೊನ ಮುಖ ಅವನ ಕಣ್ಣಿಗೆ ಬೀಳುತ್ತದೆ. ಕೊಂದವರು ರಾಜನ ತಮ್ಮನ ಮಗ ಲೊರೆಂಜೊ ಮತ್ತು ಪೋರ್ಚುಗಲ್ಲಿನ ರಾಜಕುಮಾರ ಬಾಲ್ತಜಾರ್. ಇದು ನೋಡುವವರಿಗೆ ಗೊತ್ತು, ತಂದೆಗೆ ಗೊತ್ತಿಲ್ಲ.

ಕಿಡ್ ಇಲ್ಲಿಂದ ಮುಂದೆ ತನ್ನ ನಾಯಕನನ್ನು ಎಷ್ಟು ಜಾಗರೂಕತೆಯಿಂದ ನಡೆಸುತ್ತಾನೆ ಎಂಬುದನ್ನು ಗಮನಿಸಬೇಕು. ಬಂಧನದಲ್ಲಿರುವ ಲೊರೆಂಜೊನ ಸೋದರಿ ಬೆಲ್-ಇಂಪೀರಿಯಾ ರಕ್ತದಲ್ಲಿ ಬರೆದು ಕೆಳಗೆ ಬೀಳಿಸಿದ ಪತ್ರದಲ್ಲಿ ಕೊಲೆಗಾರರ ಹೆಸರಿದೆ. ಹಿಯರೋನಿಮೊ ಅದನ್ನು ನಂಬಿ ಕತ್ತಿ ಹಿರಿಯುವುದಿಲ್ಲ. ಯಾರೋ ತನಗೆ ಬಲೆ ಬೀಸಿರಬಹುದೆಂದು ತಡೆದು ಪುರಾವೆ ಹುಡುಕುತ್ತಾನೆ. ಪುರಾವೆ ಬರುವುದೂ ಅವನದೇ ನ್ಯಾಯಪೀಠದ ಮೂಲಕ. ಲೊರೆಂಜೊನ ಸೇವಕ ಪೆಡ್ರಿಂಗಾನೊ ಇನ್ನೊಂದು ಕೊಲೆಗಾಗಿ ಅವನ ಮುಂದೆಯೇ ವಿಚಾರಣೆಗೆ ನಿಲ್ಲುತ್ತಾನೆ. ಒಡೆಯ ಕಳಿಸಿದ ಪೆಟ್ಟಿಗೆಯಲ್ಲಿ ಕ್ಷಮಾಪತ್ರವಿದೆ ಎಂದು ನಂಬಿ ನಗುತ್ತಲೇ ಗಲ್ಲಿಗೇರುತ್ತಾನೆ, ಪೆಟ್ಟಿಗೆ ಖಾಲಿ. ಸತ್ತವನ ಜೇಬಿನಲ್ಲಿ ಸಿಕ್ಕ ಕಾಗದ ಹಿಯರೋನಿಮೊಗೆ ಸತ್ಯ ತಿಳಿಸುತ್ತದೆ. ಈಗಲೂ ಅವನು ಹೋಗುವುದು ರಾಜನ ಬಳಿಗೆ. ರಾಜ ದುಷ್ಟನಲ್ಲ, ಆದರೆ ಅವನಿಗೆ ಏನೂ ತಿಳಿಯದು. ಪಕ್ಕದಲ್ಲಿ ನಿಂತ ಲೊರೆಂಜೊ ಮುದುಕನಿಗೆ ಹುಚ್ಚು ಎಂದು ಹೇಳಿ ಮಾತು ತಪ್ಪಿಸುತ್ತಾನೆ. ಹಿಯರೋನಿಮೊ ಕಠಾರಿಯಿಂದ ನೆಲ ಅಗೆಯತೊಡಗುತ್ತಾನೆ, ಭೂಮಿಯ ಮೇಲೆ ಸಿಗದ ನ್ಯಾಯ ಪಾತಾಳದಲ್ಲಾದರೂ ಸಿಕ್ಕೀತೆಂದು. ಮುಂದೆ ಬರುವ ಬಜುಲ್ಟೊ ದೃಶ್ಯವಂತೂ ಆ ಕಾಲದ ರಂಗಭೂಮಿಯ ಅತ್ಯಂತ ಕರುಳು ಹಿಂಡುವ ದೃಶ್ಯಗಳಲ್ಲಿ ಒಂದು. ಮಗನ ಕೊಲೆಗೆ ನ್ಯಾಯ ಬೇಡಿ ಅರ್ಜಿ ಹಿಡಿದು ಬಂದ ಬಡ ಮುದುಕ ಬಜುಲ್ಟೊ. ಅರ್ಜಿ ಸ್ವೀಕರಿಸಬೇಕಾದ ಅಧಿಕಾರಿಗೂ ಅದೇ ಗತಿ. ಹಿಯರೋನಿಮೊ ಉಳಿದವರ ಅರ್ಜಿಗಳನ್ನು ಹಲ್ಲಿನಿಂದ ಹರಿದುಹಾಕಿ, ಆ ಮುದುಕನಲ್ಲಿ ತನ್ನ ಮಗನನ್ನೇ ಕಂಡಂತೆ ಭ್ರಮಿಸುತ್ತಾನೆ. ಊರಿಗೆಲ್ಲ ನ್ಯಾಯ ಹಂಚುವವನಿಗೇ ನ್ಯಾಯವಿಲ್ಲ ಎಂಬುದನ್ನು ಮೂರು ಗಂಟೆ ನೋಡುತ್ತ ನಿಂತವರು ಅವನ ಪರ ವಹಿಸದಿರುವುದು ಕಷ್ಟ.

ಹೀಗೆ ಗಳಿಸಿದ ಮರುಕವನ್ನು ಕೊನೆಯ ಅಂಕದಲ್ಲಿ ಕಿಡ್ ಪರೀಕ್ಷೆಗೆ ಒಡ್ಡುತ್ತಾನೆ. ಅರಮನೆಯ ನಾಟಕವೊಂದರೊಳಗೆ ನಿಜವಾದ ಕತ್ತಿಯಿಂದಲೇ ಕೊಲೆಗಳು ನಡೆಯುತ್ತವೆ. ಹಿಯರೋನಿಮೊ ಮಗನ ಶವವನ್ನು ತೆರೆದು ತೋರಿಸಿ ಕಾರಣವನ್ನೆಲ್ಲ ವಿವರಿಸುತ್ತಾನೆ, ಆಮೇಲೆ ನಾಲಿಗೆ ಕಚ್ಚಿ ಉಗುಳುತ್ತಾನೆ, ಬರೆದು ತಿಳಿಸಲೆಂದು ಕೊಟ್ಟ ಚಾಕುವಿನಿಂದ ಲೊರೆಂಜೊನ ತಂದೆ ಕ್ಯಾಸ್ಟೀಲಿನ ಡ್ಯೂಕನನ್ನು ಇರಿದು ತಾನೂ ಸಾಯುತ್ತಾನೆ. ಆ ಡ್ಯೂಕ್ ಹೊರೇಶಿಯೊನ ಕೊಲೆಯಲ್ಲಿ ಪಾಲ್ಗೊಂಡವನಲ್ಲ. ಇಲ್ಲಿ ಪ್ರೇಕ್ಷಕ ಬೆಚ್ಚಬೇಕು. ಆದರೂ ನಾಟಕದ ಉದ್ದಕ್ಕೂ ಮೇಳದಂತೆ ಕುಳಿತು ನೋಡುವ, ಹಿಂದೆ ಬಾಲ್ತಜಾರನಿಂದ ಹತನಾದ ಆಂಡ್ರಿಯಾನ ಪ್ರೇತ ಈ ಸಾವುಗಳನ್ನೆಲ್ಲ ಎಣಿಸಿ ಸಂತೋಷಪಟ್ಟು, ಹಿಯರೋನಿಮೊಗೆ ಪರಲೋಕದಲ್ಲಿ ಸುಖದ ತಾಣವನ್ನೂ ತಪ್ಪಿಲ್ಲದ ಕ್ಯಾಸ್ಟೀಲಿಗೆ ನರಕಯಾತನೆಯನ್ನೂ ವಿಧಿಸುತ್ತದೆ. ಇದು ಕ್ರೈಸ್ತರ ಪರಲೋಕವಲ್ಲ, ಗ್ರೀಕರದು. ಕ್ರೈಸ್ತ ಧರ್ಮ ಕೊಡಲಾರದ ತೀರ್ಪನ್ನು ಕಿಡ್ ಪರಲೋಕ ಬದಲಿಸಿ ಕೊಟ್ಟ. ಅದನ್ನು ಒಪ್ಪುವುದೂ ಬಿಡುವುದೂ ನೋಡುವವರಿಗೆ ಬಿಟ್ಟದ್ದು.

ಪ್ರೇಕ್ಷಕರಿಗೆ ಏನು ಬೇಕಾಗಿತ್ತು ಎಂಬುದಕ್ಕೆ ಅಪರೂಪದ ಸಾಕ್ಷಿಯೊಂದಿದೆ. ರೋಸ್ ರಂಗಮಂದಿರದ ಒಡೆಯ ಫಿಲಿಪ್ ಹೆನ್ಸ್ಲೊನ ಲೆಕ್ಕದ ಪುಸ್ತಕದ ಪ್ರಕಾರ 1592ರಿಂದ 1597ರೊಳಗೆ ಈ ನಾಟಕ 29 ಪ್ರದರ್ಶನ ಕಂಡಿತು. 1601 ಮತ್ತು 1602ರಲ್ಲಿ ಅದಕ್ಕೆ ಹೊಸ ಭಾಗಗಳನ್ನು ಬರೆದುಕೊಡಲು ಬೆನ್ ಜಾನ್ಸನ್‌ಗೆ ಹಣ ಸಂದಾಯವಾಗಿದೆ. 1602ರ ಮುದ್ರಣದಲ್ಲಿ ಐದು ಸೇರ್ಪಡೆಗಳು ಕಾಣಿಸಿಕೊಂಡವು. ಅವು ಜಾನ್ಸನ್‌ನವೇ ಎಂಬುದರ ಬಗ್ಗೆ ಅನುಮಾನವಿದೆ. ಷೇಕ್ಸ್‌ಪಿಯರನ ಕೈ ಅವುಗಳಲ್ಲಿದೆ ಎಂಬ ವಾದ ಈಚಿನ ದಶಕಗಳಲ್ಲಿ ಬಲಗೊಂಡಿದೆ. ಬರೆದವರು ಯಾರೇ ಇರಲಿ, ಹೆಚ್ಚಿನ ಸೇರ್ಪಡೆಗಳು ಬೆಳೆಸುವುದು ಹಿಯರೋನಿಮೊನ ದುಃಖವನ್ನೂ ಚಿತ್ತಭ್ರಮೆಯನ್ನೂ. ಅವುಗಳಲ್ಲಿ ಹೆಸರಾದದ್ದು ಚಿತ್ರಕಾರನ ದೃಶ್ಯ. ತನ್ನಂತೆಯೇ ಮಗನನ್ನು ಕಳೆದುಕೊಂಡ ಚಿತ್ರಕಾರನೊಬ್ಬನಿಗೆ ಹಿಯರೋನಿಮೊ ಒಂದು ನರಳಾಟವನ್ನು, ಒಂದು ಕೂಗನ್ನು ಬಣ್ಣದಲ್ಲಿ ಬರೆಯಬಲ್ಲೆಯಾ ಎಂದು ಕೇಳುತ್ತಾನೆ. ಹತ್ತು ಹದಿನೈದು ವರ್ಷ ಹಳೆಯದಾದ ನಾಟಕಕ್ಕೆ ಮತ್ತೆ ಜನ ಸೇರಿಸಬೇಕೆಂದಾಗ ಕಂಪನಿಯವರು ಹಣ ಸುರಿದದ್ದು ಮುಖ್ಯವಾಗಿ ತಂದೆಯ ಅಳಲಿಗೆ. ಪ್ರೇಕ್ಷಕರ ಮನಸ್ಸನ್ನು ಕುರಿತ ಯಾವ ಸಿದ್ಧಾಂತಕ್ಕಿಂತಲೂ ಈ ವ್ಯಾಪಾರದ ನಿರ್ಧಾರ ಹೆಚ್ಚು ನಂಬಲರ್ಹ. 1614ರಲ್ಲಿ ಜಾನ್ಸನ್ ತನ್ನ ‘ಬಾರ್ಥೊಲೊಮ್ಯೂ ಫೇರ್’ನ ಪೀಠಿಕಾ ದೃಶ್ಯದಲ್ಲಿ, ಇನ್ನೂ ಜೆರೊನಿಮೊ (ಅಂದರೆ ಹಿಯರೋನಿಮೊ) ಮತ್ತು ಆಂಡ್ರಾನಿಕಸರ ನಾಟಕಗಳೇ ಶ್ರೇಷ್ಠವೆಂದು ಆಣೆಯಿಡುವವರನ್ನು ಗೇಲಿ ಮಾಡುತ್ತಾನೆ. ಗೇಲಿ ಮಾಡಬೇಕಾಗುವಷ್ಟು ಜನ ಅಂಥವರು ಆಗಲೂ ಇದ್ದರು.

ಆ ಜನರ ಕಾಲವನ್ನು ಸ್ವಲ್ಪ ನೋಡಬೇಕು. ಮುಯ್ಯಿ ತೀರಿಸುವುದು ದೇವರ ಹಕ್ಕು, ಭೂಮಿಯ ಮೇಲೆ ಅವನ ಪ್ರತಿನಿಧಿಯಾದ ಅರಸನ ಹಕ್ಕು ಎಂಬುದು ಸಂತ ಪೌಲನ ಪತ್ರವನ್ನು ಆಧರಿಸಿ ಚರ್ಚಿನ ವೇದಿಕೆಗಳಿಂದ ಕೇಳಿಬರುತ್ತಿದ್ದ ಬೋಧನೆ. ಟ್ಯೂಡರ್ ಅರಸರು ಶ್ರೀಮಂತ ಮನೆತನಗಳ ಖಾಸಗಿ ಕಾಳಗಗಳನ್ನು ಅಡಗಿಸಿ ದಂಡನಾಧಿಕಾರವನ್ನೆಲ್ಲ ಸಿಂಹಾಸನಕ್ಕೆ ಸೆಳೆದುಕೊಳ್ಳುತ್ತಿದ್ದರು. ಒಂದನೆಯ ಜೇಮ್ಸ್ 1614ರಲ್ಲಿ ದ್ವಂದ್ವಯುದ್ಧದ ವಿರುದ್ಧ ಘೋಷಣೆ ಹೊರಡಿಸಿದ. ಆದರೆ ಇದೇ ರಾಜ್ಯದಲ್ಲಿ 1584ರಲ್ಲಿ, ಎಲಿಜಬೆತ್ ರಾಣಿಯ ಪ್ರಾಣಕ್ಕೆ ಕೈಹಾಕಿದವರನ್ನು ತಾವೇ ಬೆನ್ನಟ್ಟಿ ಕೊಲ್ಲುವೆವೆಂದು ಸಾವಿರಾರು ಮಂದಿ ಪ್ರತಿಜ್ಞಾಪತ್ರಕ್ಕೆ ರುಜು ಹಾಕಿದ್ದರು. ಅದನ್ನು ಸಿದ್ಧಪಡಿಸಿದವರು ರಾಣಿಯ ಮಂತ್ರಿಗಳೇ. ಸೇಡಿನ ಬಗ್ಗೆ ಆ ಸಮಾಜದ ನಿಲುವು ಒಂದೇ ಆಗಿರಲಿಲ್ಲ. ಇನ್ನೊಂದು ಸಂಗತಿ ಮೃತರಿಗೆ ಸಂಬಂಧಿಸಿದ್ದು. ಮತಸುಧಾರಣೆಯ ಬಳಿಕ ಇಂಗ್ಲಿಷ್ ಚರ್ಚು, ಸತ್ತವರ ಆತ್ಮಗಳು ಪಾಪ ತೊಳೆದುಕೊಳ್ಳುವ ಶುದ್ಧೀಕರಣಲೋಕದ ನಂಬಿಕೆಯನ್ನು ತೆಗೆದುಹಾಕಿತು, ಸತ್ತವರಿಗಾಗಿ ಬದುಕಿದವರು ಮಾಡುತ್ತಿದ್ದ ಪ್ರಾರ್ಥನೆಗಳು ನಿಂತವು. ಮೈಕೆಲ್ ನೀಲ್, ಸ್ಟೀಫನ್ ಗ್ರೀನ್‌ಬ್ಲಾಟ್ ಮೊದಲಾದ ವಿದ್ವಾಂಸರು ಈ ಬರಿದಾದ ಜಾಗಕ್ಕೂ ರಂಗದ ಮೇಲೆ ಬಂದು ತನ್ನನ್ನು ಮರೆಯಬೇಡವೆನ್ನುವ ಪ್ರೇತಕ್ಕೂ ನಂಟು ಕಂಡಿದ್ದಾರೆ. ಸೇಡಿನ ನಾಯಕ ಸತ್ತವರ ನೆನಪು ಕಾಯುವವನು. ಮಗನ ರಕ್ತ ಮೆತ್ತಿದ ಕರವಸ್ತ್ರವನ್ನು ಹಿಯರೋನಿಮೊ ಮಡಿಲಲ್ಲಿಟ್ಟುಕೊಂಡು ತಿರುಗುತ್ತಾನೆ. ತಮ್ಮವರಿಗಾಗಿ ಏನೂ ಮಾಡಲಾಗದ ಮನೆಮಂದಿಗೆ ಆ ವಸ್ತ್ರ ಅರ್ಥವಾಗಿದ್ದಿರಬೇಕು.

ಷೇಕ್ಸ್‌ಪಿಯರನ ‘ಟೈಟಸ್ ಆಂಡ್ರಾನಿಕಸ್’ (1594ರಲ್ಲಿ ಮುದ್ರಿತ) ಮರುಕವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ನಾಟಕ. ಅದು ತೊಡಗುವುದೇ ನಾಯಕನ ಕ್ರೌರ್ಯದಿಂದ. ಗೆದ್ದು ಬಂದ ರೋಮನ್ ಸೇನಾನಿ ಟೈಟಸ್, ಯುದ್ಧದಲ್ಲಿ ಸತ್ತ ತನ್ನ ಮಕ್ಕಳ ಆತ್ಮಶಾಂತಿಗಾಗಿ ಗಾಥರ ಸೆರೆರಾಣಿ ಟಮೋರಾಳ ಹಿರಿಯ ಮಗನನ್ನು ಬಲಿಕೊಡಿಸುತ್ತಾನೆ. ಅವಳು ಮೊಣಕಾಲೂರಿ ಬೇಡುತ್ತಾಳೆ, ಅವನು ಕೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಎದುರು ನಿಂತ ಸ್ವಂತ ಮಗನನ್ನೂ ಕೊಲ್ಲುತ್ತಾನೆ. ಆ ಕಾಲದ್ದೆಂದು ಉಳಿದು ಬಂದಿರುವ ಷೇಕ್ಸ್‌ಪಿಯರ್ ನಾಟಕದ ಒಂದೇ ಒಂದು ರೇಖಾಚಿತ್ರ ಲಾಂಗ್‌ಲೀಟ್ ಭವನದಲ್ಲಿರುವ ಪೀಚಮ್ ಚಿತ್ರ. ಅದರಲ್ಲಿರುವುದು ಮೊಣಕಾಲೂರಿ ಬೇಡುವ ಟಮೋರಾ. ಚಿತ್ರ ಬರೆದವನ ಮನಸ್ಸಿನಲ್ಲಿ ಉಳಿದದ್ದು ಆ ತಾಯಿ. ಆದರೆ ಟಮೋರಾಳ ಸೇಡು ಟೈಟಸನ ಮಗಳು ಲವೀನಿಯಾಳ ಮೇಲೆ ಎರಗುತ್ತದೆ. ಟಮೋರಾಳ ಮಕ್ಕಳು ಕಾಡಿನಲ್ಲಿ ಅವಳ ಮಾನಭಂಗ ಮಾಡಿ, ನಾಲಿಗೆ ಮತ್ತು ಕೈಗಳನ್ನು ಕತ್ತರಿಸುತ್ತಾರೆ. ಅದಕ್ಕೆ ಮುಂಚೆ ಲವೀನಿಯಾ ಬೇಡಿಕೊಂಡಾಗ ಟಮೋರಾ ಕಿವಿಗೊಡುವುದಿಲ್ಲ, ಹಿಂದೆ ಟೈಟಸ್ ಕಿವಿಗೊಡದಿದ್ದಂತೆಯೇ. ಅಲ್ಲಿಂದ ಪ್ರೇಕ್ಷಕರ ಕರುಣೆ ಟೈಟಸನ ಮನೆಯ ಕಡೆಗೆ ತಿರುಗುತ್ತದೆ. ಮಕ್ಕಳ ಪ್ರಾಣ ಉಳಿಯುತ್ತದೆಂಬ ಮಾತು ನಂಬಿ ಅವನು ತನ್ನ ಕೈ ಕಡಿದು ಕಳಿಸುತ್ತಾನೆ, ಮರಳಿ ಬರುವುದು ಆ ಕೈ ಮತ್ತು ಇಬ್ಬರು ಮಕ್ಕಳ ತಲೆಗಳು. ಬಾಣಗಳಿಗೆ ಅರ್ಜಿ ಕಟ್ಟಿ ದೇವತೆಗಳತ್ತ ಬಿಡುತ್ತಾನೆ. ಅರ್ಜಿ ಹಿಡಿದು ಚಕ್ರವರ್ತಿಯ ಬಳಿ ಹೋದ ಬಡಪಾಯಿಗೆ ಸಿಗುವುದು ನೇಣು. ಇಷ್ಟೆಲ್ಲ ಆದ ಮೇಲೆ ಟಮೋರಾಳ ಮಕ್ಕಳನ್ನು ಅಡುಗೆ ಮಾಡಿ ಬಡಿಸುವ ಟೈಟಸನನ್ನು ನಾವು ಒಪ್ಪಲಾರೆವು, ಅವನ ಕೈ ಬಿಡಲೂ ಆರೆವು. ಕೊನೆಗೆ ಅವನು ಮಗಳನ್ನೂ ಕೊಲ್ಲುತ್ತಾನೆ. ಈ ನಾಟಕವನ್ನು ಬರಿಯ ರಕ್ತಪಾತವೆಂದು ತಳ್ಳಿಹಾಕಿದ ಹಳೆಯ ವಿಮರ್ಶೆ ಅದರೊಳಗಿನ ಈ ಕಟುವಾದ ನ್ಯಾಯಬುದ್ಧಿಯನ್ನು ಕಾಣದೆ ಹೋಯಿತು.

‘ಹ್ಯಾಮ್ಲೆಟ್’ (ಸು. 1600) ಈ ಪ್ರಕಾರದ ಶಿಖರ. ಅದರ ಬಗ್ಗೆ ಬಂದಿರುವ ಬರಹಕ್ಕೆ ಲೆಕ್ಕವಿಲ್ಲವಾದ್ದರಿಂದ ಸಹಾನುಭೂತಿಗೆ ಸಂಬಂಧಿಸಿದ ಒಂದೆರಡು ಮಾತು ಸಾಕು. ಇಲ್ಲಿ ಹ್ಯಾಮ್ಲೆಟನ ತಂದೆಯನ್ನು ಕೊಂದ ಕ್ಲಾಡಿಯಸನೇ ರಾಜ, ದೂರು ಕೊಡಲು ಯಾವ ಪೀಠವೂ ಉಳಿದಿಲ್ಲ. ಆದರೂ ಹ್ಯಾಮ್ಲೆಟ್ ನಿರಪರಾಧಿಯಾಗಿ ಉಳಿಯುವುದಿಲ್ಲ. ಪರದೆಯ ಹಿಂದಿದ್ದ ಪೊಲೋನಿಯಸನನ್ನು ನೋಡದೆಯೇ ಇರಿಯುತ್ತಾನೆ, ಹಳೆಯ ಸಹಪಾಠಿಗಳಿಬ್ಬರನ್ನು ಸಾವಿಗೆ ಕಳಿಸುತ್ತಾನೆ, ಪ್ರಾರ್ಥನೆಯಲ್ಲಿರುವ ಕ್ಲಾಡಿಯಸನನ್ನು ಆಗಲೇ ಕೊಂದರೆ ಅವನ ಆತ್ಮಕ್ಕೆ ಸದ್ಗತಿಯಾದೀತೆಂದು ಕತ್ತಿ ಇಳಿಸುತ್ತಾನೆ. ಆ ಮಾತು ಓದಲೂ ನುಡಿಯಲೂ ಆಗದಷ್ಟು ಘೋರವೆಂದು 1765ರಲ್ಲಿ ಸ್ಯಾಮ್ಯುಅಲ್ ಜಾನ್ಸನ್ ಅಭಿಪ್ರಾಯಪಟ್ಟ. ಆದರೂ ಪ್ರೇಕ್ಷಕ ಹ್ಯಾಮ್ಲೆಟನ ಜೊತೆಗೇ ಇರುವುದಕ್ಕೆ ಷೇಕ್ಸ್‌ಪಿಯರ್ ಪಕ್ಕದಲ್ಲೇ ಪೊಲೋನಿಯಸನ ಮಗ ಲಯರ್ಟೀಸನನ್ನು ನಿಲ್ಲಿಸಿದ್ದು ಒಂದು ಕಾರಣ. ತಂದೆಯನ್ನು ಕಳೆದುಕೊಂಡ ಆ ತರುಣ ಹಿಂದೆಮುಂದೆ ನೋಡದೆ ಕತ್ತಿಗೆ ವಿಷ ಸವರುತ್ತಾನೆ. ಅವನೆದುರು ಹ್ಯಾಮ್ಲೆಟನ ಹಿಂಜರಿಕೆ ಮನುಷ್ಯತ್ವದಂತೆ ಕಾಣುತ್ತದೆ. ಇನ್ನೊಂದು ಕಾರಣ ಕೊನೆಯ ದೃಶ್ಯದ ರಚನೆ. ಸಂಚು ಹೂಡಿದವನು ಕ್ಲಾಡಿಯಸ್, ಬಟ್ಟಲಿನ ವಿಷವೂ ಅವನದು. ತಾಯಿ ಸತ್ತು, ತಾನೂ ಸಾಯಲಿರುವಾಗ ಆ ಕ್ಷಣದ ಕೋಪದಲ್ಲಿ ಹ್ಯಾಮ್ಲೆಟ್ ರಾಜನನ್ನು ಕೊಲ್ಲುತ್ತಾನೆ. ಅವನು ಕಾದು ಹೊಂಚಿದ ಸೇಡು ಅಲ್ಲಿಲ್ಲ. ಕುವೆಂಪು ಈ ನಾಟಕವನ್ನು ಆಧರಿಸಿ ಬಿದನೂರಿನ ಚರಿತ್ರೆಯ ಹಿನ್ನೆಲೆಯಲ್ಲಿ ‘ರಕ್ತಾಕ್ಷಿ’ಯನ್ನು (1932) ಬರೆದರು. ಸೇಡಿನ ರುದ್ರನಾಟಕ ಕನ್ನಡದ ಮಣ್ಣಿನಲ್ಲಿ ಮರುಹುಟ್ಟು ಪಡೆದ ಉದಾಹರಣೆ ಅದು.

ಮರುಕದ ಎಳೆ ಹರಿಯುವುದು ಎಲ್ಲಿ ಎಂಬುದನ್ನು ತೋರಿಸುವ ನಾಟಕಗಳೂ ಇವೆ. ಜಾನ್ ಮಾರ್ಸ್ಟನ್‌ನ ‘ಆಂಟೋನಿಯೋಸ್ ರಿವೆಂಜ್’ನಲ್ಲಿ (ಸು. 1600) ನಾಯಕ ತನ್ನ ತಂದೆಯನ್ನು ಕೊಂದ ಪಿಯೆರೊನ ಎಳೆಯ ಮಗ ಜೂಲಿಯೊನನ್ನು ಗೋರಿಯ ಬಳಿ ಕೊಲ್ಲುತ್ತಾನೆ. ಆ ಮಗು ಆಂಟೋನಿಯೊನನ್ನು ಪ್ರೀತಿಸುತ್ತದೆ, ನಂಬಿ ಹತ್ತಿರ ಬರುತ್ತದೆ. ಕೊನೆಯಲ್ಲಿ ವೆನಿಸ್ಸಿನ ಹಿರಿಯರು ಸೇಡು ತೀರಿಸಿದವರನ್ನು ಕೊಂಡಾಡಿದರೂ ಆ ಮಗುವಿನ ಸಾವು ಗಂಟಲಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಸೇಂಟ್ ಪಾಲ್ಸ್‌ನ ಬಾಲನಟರು ಆಡಿದ ಈ ನಾಟಕವನ್ನು ಅಣಕವೆಂದು ಓದುವವರಿದ್ದಾರೆ. ಜೂಲಿಯೊನ ದೃಶ್ಯವನ್ನು ಅಣಕವೆಂದು ಒಪ್ಪುವುದು ಕಷ್ಟ. ಹೆನ್ರಿ ಚೆಟ್ಲ್‌ನ ‘ಹಾಫ್‌ಮನ್’ನ ನಾಯಕ ಕಡಲ್ಗಳ್ಳನೆಂದು ಕೊಲ್ಲಲ್ಪಟ್ಟ ತಂದೆಯ ಅಸ್ಥಿಪಂಜರದ ಮುಂದೆ ಶಪಥ ಮಾಡುತ್ತಾನೆ. ಮೊದಲ ದೃಶ್ಯದಲ್ಲಿ ಅವನ ನೋವು ನಿಜ. ಕೊಲೆಗಳು ಸಂಬಂಧವಿಲ್ಲದವರನ್ನೂ ನುಂಗುತ್ತ ಹೋದಂತೆ ನಮ್ಮ ಮನಸ್ಸು ಅವನಿಂದ ಸರಿದು ಅವನು ಕೊಂದವನ ತಾಯಿಯ ಕಡೆಗೆ ಹೋಗುತ್ತದೆ. ಅವನು ಬಳಸಿದ ಕಾದ ಕಿರೀಟವೇ ಕೊನೆಗೆ ಅವನ ತಲೆಯ ಮೇಲೆ ಕೂರುತ್ತದೆ.

‘ದಿ ರಿವೆಂಜರ್ಸ್ ಟ್ರ್ಯಾಜಿಡಿ’ (1607ರಲ್ಲಿ ಮುದ್ರಿತ) ಇನ್ನೂ ಸೂಕ್ಷ್ಮ. ಬಹುಕಾಲ ಸಿರಿಲ್ ಟರ್ನರ್‌ನದೆಂದು ಎಣಿಸಲಾಗಿದ್ದ ಇದನ್ನು ಇಂದು ಬಹುಪಾಲು ವಿದ್ವಾಂಸರು ಥಾಮಸ್ ಮಿಡಲ್ಟನ್‌ನ ಕೃತಿಯೆನ್ನುತ್ತಾರೆ. ತನ್ನ ಆಸೆಗೆ ಒಪ್ಪದ ಗ್ಲೋರಿಯಾನಾಳಿಗೆ ಮುದಿ ಡ್ಯೂಕ್ ವಿಷವಿಕ್ಕಿ ಒಂಬತ್ತು ವರ್ಷವಾಗಿದೆ. ಅವಳ ತಲೆಬುರುಡೆ ಹಿಡಿದು ವಿಂಡಿಚೆ ರಂಗಕ್ಕೆ ಬರುತ್ತಾನೆ. ಆ ಆಸ್ಥಾನದಲ್ಲಿ ನ್ಯಾಯ ಹೇಗಿದೆಯೆಂದರೆ, ಸಾಧ್ವಿಯೊಬ್ಬಳ ಮಾನಭಂಗ ಮಾಡಿದ ಡಚೆಸ್ಸಳ ಕಿರಿಯ ಮಗನ ವಿಚಾರಣೆ ನಡೆಯುತ್ತಿರುವಾಗ ಡ್ಯೂಕ್ ತೀರ್ಪನ್ನೇ ಮುಂದೂಡುತ್ತಾನೆ. ಹೀಗಾಗಿ ಪ್ರೇಕ್ಷಕ ಆರಂಭದಿಂದಲೇ ವಿಂಡಿಚೆಯ ಪಕ್ಷ. ಅವನ ಮಾತಿನ ಬೆಂಕಿ, ಜಾಣತನ ನಮ್ಮನ್ನು ಎಳೆದೊಯ್ಯುತ್ತವೆ. ಬುರುಡೆಗೆ ವಿಷ ಸವರಿ, ಹೆಣ್ಣಿನ ಉಡುಪು ತೊಡಿಸಿ, ಡ್ಯೂಕ್ ಅದಕ್ಕೆ ಮುತ್ತಿಡುವಂತೆ ಮಾಡಿದಾಗ ಆ ಜಾಣತನವೇ ನಮಗೆ ಹೇಸಿಗೆ ತರಿಸುತ್ತದೆ: ಪ್ರೀತಿಸಿದವಳನ್ನೇ ಅವನು ಆಯುಧ ಮಾಡಿಕೊಂಡ. ಎಲ್ಲ ಮುಗಿದ ಮೇಲೆ ತನ್ನ ಕೈಚಳಕವನ್ನು ಹೊಸ ಅಧಿಪತಿ ಆಂಟೋನಿಯೊನ ಮುಂದೆ ಹೇಳಿಕೊಳ್ಳದೆ ಅವನಿಗೆ ಇರಲಾಗುವುದಿಲ್ಲ. ಆಂಟೋನಿಯೊ ತಕ್ಷಣ ಅವನಿಗೂ ಅವನ ತಮ್ಮನಿಗೂ ಮರಣದಂಡನೆ ವಿಧಿಸುತ್ತಾನೆ, ಹಿಂದಿನ ದೊರೆಯನ್ನು ಕೊಂದವರು ನಾಳೆ ತನ್ನನ್ನೂ ಕೊಲ್ಲಬಹುದೆಂಬ ಅಂಜಿಕೆಯಿಂದ. ದುಃಖ ಕರಗಿ ಹೆಮ್ಮೆ ಮಾತ್ರ ಉಳಿದಾಗ ನಾಯಕ ಪ್ರೇಕ್ಷಕರನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ಈ ನಾಟಕದಷ್ಟು ನಿಖರವಾಗಿ ತೋರಿಸಿದ್ದು ಬೇರೆ ಇಲ್ಲ.

ಸೇಡು ತೀರಿಸದ ಸೇಡಿನ ನಾಯಕನನ್ನೂ ಪ್ರಯತ್ನಿಸಿ ನೋಡಲಾಯಿತು. ಟರ್ನರ್‌ನ ‘ದಿ ಏಥೀಯಿಸ್ಟ್ಸ್ ಟ್ರ್ಯಾಜಿಡಿ’ಯಲ್ಲಿ (1611) ತಂದೆಯ ಪ್ರೇತವೇ ಬಂದು ಸೇಡನ್ನು ದೇವರಿಗೆ ಬಿಡೆಂದು ಮಗ ಷಾರ್ಲ್‌ಮಾಂಟ್‌ಗೆ ಹೇಳುತ್ತದೆ, ಖಳ ಡಾಂವಿಲ್ ಅವನ ತಲೆ ಕಡಿಯಲು ಎತ್ತಿದ ಕೊಡಲಿ ತನ್ನ ತಲೆಗೇ ಬಡಿದು ಸಾಯುತ್ತಾನೆ. ಧರ್ಮಕ್ಕೆ ಯಾವ ಕುಂದೂ ಬರಲಿಲ್ಲ. ಆದರೆ ಏನನ್ನೂ ಪಣಕ್ಕಿಡದ ಷಾರ್ಲ್‌ಮಾಂಟ್ ಗೌರವ ಗಳಿಸುತ್ತಾನೆ, ಕಣ್ಣೀರು ಗಳಿಸುವುದಿಲ್ಲ. ಚಾಪ್‌ಮನ್‌ನ ಸ್ಟೋಯಿಕ್ ನಾಯಕ ಕ್ಲೆರ್ಮಾಂಟ್ ಕೊನೆಗೆ ಸೇಡು ತೀರಿಸಿದರೂ ಗಳಿಸುವುದು ಹೆಚ್ಚುಕಡಿಮೆ ಇಂಥದೇ ಗೌರವ.

ಸೇಡಿನ ಹೆಂಗಸರಿಗೆ ವಿಮರ್ಶೆ ಬಹುಕಾಲ ನ್ಯಾಯ ಸಲ್ಲಿಸಲಿಲ್ಲ. ‘ಸ್ಪ್ಯಾನಿಷ್ ಟ್ರ್ಯಾಜಿಡಿ’ಯ ಬೆಲ್-ಇಂಪೀರಿಯಾ ಹಿಯರೋನಿಮೊನ ವಿಳಂಬವನ್ನು ಜರೆದು ಎಚ್ಚರಿಸುತ್ತಾಳೆ, ಬಾಲ್ತಜಾರನನ್ನು ತನ್ನ ಕೈಯಾರೆ ಕೊಂದು ತಾನೂ ಸಾಯುತ್ತಾಳೆ. ಮಗನ ಸಾವಿಗೆ ಸಾಕ್ಷಿಯಾದ ಲತಾಮಂಟಪವನ್ನೇ ಕಡಿದುಹಾಕುವ ಹಿಯರೋನಿಮೊನ ಹೆಂಡತಿ ಇಸಬೆಲ್ಲಾಳ ಕೋಪಕ್ಕೆ ಗುರಿಯೇ ಇಲ್ಲ. ಕೊನೆಗೆ ಅದು ಅವಳನ್ನೇ ಇರಿಯುತ್ತದೆ. ಬ್ಯೂಮಂಟ್ ಮತ್ತು ಫ್ಲೆಚರ್‌ರ ‘ದಿ ಮೇಡ್ಸ್ ಟ್ರ್ಯಾಜಿಡಿ’ಯ (1619ರಲ್ಲಿ ಮುದ್ರಿತ) ಇವಾಡ್ನೆ ತನ್ನನ್ನು ಕೆಡಿಸಿದ ರಾಜನನ್ನು ಹಾಸಿಗೆಗೆ ಕಟ್ಟಿ ಕೊಲ್ಲುತ್ತಾಳೆ. ದೂರು ಕೊಡುವ ಹಕ್ಕೂ ಇಲ್ಲದವರ ಸೇಡು ಇವರದು, ಆದ್ದರಿಂದ ಇವರಿಗೆ ಸಲ್ಲಬೇಕಾದ ಮರುಕ ಹೆಚ್ಚು. ನಾಟಕಕಾರರು ಅದನ್ನು ಕೊಟ್ಟದ್ದು ಕಡಿಮೆ. ವೆಬ್‌ಸ್ಟರ್ ಮಾತ್ರ ‘ದಿ ಡಚೆಸ್ ಆಫ್ ಮಾಲ್ಫಿ’ಯಲ್ಲಿ (ಸು. 1613) ಕರುಣೆಯನ್ನೆಲ್ಲ ಕೊಲೆಯಾದ ಹೆಣ್ಣಿಗೆ ಮೀಸಲಿಟ್ಟ. ಅವಳನ್ನು ಕೊಲ್ಲಿಸಿದ ಬೊಸೋಲಾನೇ ಆಮೇಲೆ ಅವಳ ಪರವಾಗಿ ಸೇಡಿಗೆ ಹೊರಟು, ಕತ್ತಲಲ್ಲಿ ಅವಳ ಗಂಡನನ್ನೇ ತಪ್ಪಿ ಕೊಲ್ಲುತ್ತಾನೆ.

ವಿದ್ವಾಂಸರ ಚರ್ಚೆ ಮುಖ್ಯವಾಗಿ ಎರಡು ನಿಲುವುಗಳ ನಡುವೆ ನಡೆದಿದೆ. ಈ ಪ್ರಕಾರದ ಮೇಲೆ 1940ರಲ್ಲಿ ಪ್ರಮಾಣಗ್ರಂಥ ಬರೆದ ಫ್ರೆಡ್ಸನ್ ಬವರ್ಸ್, ಪ್ರೇಕ್ಷಕರು ಸೇಡಿನವನ ಜೊತೆ ಮಿಡಿಯುತ್ತಿದ್ದರು, ಅವನು ಕಪಟ ಸಂಚಿಗೆ ಇಳಿದಾಗ ಮಾತ್ರ ಅವನನ್ನು ಬಿಟ್ಟುಕೊಡುತ್ತಿದ್ದರು ಎಂದರು. ಎಲಿನರ್ ಪ್ರಾಸರ್ 1967ರಲ್ಲಿ ಬೋಧನೆ ಮತ್ತು ನೀತಿಗ್ರಂಥಗಳನ್ನು ಮುಂದಿಟ್ಟು, ಅಂದಿನ ಪ್ರೇಕ್ಷಕರು ಸೇಡನ್ನು ಪಾಪವೆಂದೇ ಕಾಣುತ್ತಿದ್ದರೆಂದು ವಾದಿಸಿದರು. ಹ್ಯಾಮ್ಲೆಟನ ತಂದೆಯ ಪ್ರೇತವೂ ಅವರ ಓದಿನಲ್ಲಿ ಸಂಶಯಾಸ್ಪದ. ಲಿಂಡಾ ವುಡ್‌ಬ್ರಿಜ್ 2010ರಲ್ಲಿ ಚರ್ಚೆಯನ್ನು ಬೇರೆಡೆಗೆ ತಿರುಗಿಸಿ, ಆರ್ಥಿಕ ಅನ್ಯಾಯ ಮತ್ತು ಅಧಿಕಾರದ ದಬ್ಬಾಳಿಕೆಯಲ್ಲಿ ಬೆಂದ ಜನ ಈ ನಾಟಕಗಳಲ್ಲಿ ಸರಿಸಮಾನ ಲೆಕ್ಕ ತೀರುವುದನ್ನು ಕಂಡರೆಂದು ತೋರಿಸಿದರು. ಪ್ರಾಸರ್ ಅವರ ಆಧಾರಗಳು ಗಟ್ಟಿಯಾಗಿವೆ, ಆದರೆ ಜನ ಚರ್ಚಿನಲ್ಲಿ ಕೇಳಿದ್ದನ್ನೇ ರಂಗಮಂದಿರದಲ್ಲಿ ಅನುಭವಿಸುತ್ತಾರೆಂಬ ಅವರ ಗೃಹೀತ ನಿಲ್ಲುವುದಿಲ್ಲ. ಹಗಲು ಬೆಳಕಿನಲ್ಲಿ, ಒಂದು ಪೆನಿ ಕೊಟ್ಟು ವೇದಿಕೆಯ ಮೂರು ಕಡೆ ನಿಂತವರ ಮುಖ ನೋಡಿ ನಟ ಸ್ವಗತ ನುಡಿಯುತ್ತಿದ್ದ. ಅವನು ಏನು ಮಾಡಲಿದ್ದಾನೆಂದು ಅರಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಂಗಳದಲ್ಲಿ ನಿಂತವರಿಗೆ ಗೊತ್ತು. ಗುಟ್ಟು ಕೇಳಿಸಿಕೊಂಡವರು ಅರ್ಧ ಪಾಲುದಾರರೇ ಆಗುತ್ತಾರೆ. ಅದೇ ಗುಂಪಿನಲ್ಲಿ ಒಬ್ಬರು ಮರುಗಿ, ಇನ್ನೊಬ್ಬರು ಹೇಸಿ, ಮತ್ತೊಬ್ಬರು ಎರಡನ್ನೂ ಒಟ್ಟಿಗೆ ಅನುಭವಿಸಿರಬೇಕು. ನಾಟಕಗಳು ಬರೆಯಲ್ಪಟ್ಟಿರುವುದೂ ಈ ಮಿಶ್ರ ಗುಂಪಿಗಾಗಿಯೇ.

ಇಪ್ಪತ್ತನೆಯ ಶತಮಾನದಲ್ಲಿ ಈ ನಾಟಕಗಳು ಮತ್ತೆ ವೇದಿಕೆಗೆ ಬಂದಾಗ ನಿರ್ದೇಶಕರಿಗೆ ಎದುರಾದ ತೊಡಕು ನಗು. ಹೆಣಗಳು ಹೆಚ್ಚಾದಂತೆ ಇಂದಿನ ಪ್ರೇಕ್ಷಕ ನಗುತ್ತಾನೆ, ನಕ್ಕರೆ ಮರುಕ ಮುರಿಯುತ್ತದೆ. 1955ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ‘ಟೈಟಸ್’ ಆಡಿಸಿದ ಪೀಟರ್ ಬ್ರೂಕ್, ಲವೀನಿಯಾಳ ಪಾತ್ರದ ವಿವಿಯನ್ ಲೀ ಅವರ ಕೈಬಾಯಿಗಳಿಂದ ರಕ್ತದ ಬದಲು ಕೆಂಪು ಪಟ್ಟಿಗಳನ್ನು ಇಳಿಬಿಟ್ಟರು. ಟೈಟಸನಾಗಿದ್ದ ಲಾರೆನ್ಸ್ ಒಲಿವಿಯರ್ ಅವರ ನೋವಿಗೆ ಅದು ಜಾಗ ಮಾಡಿಕೊಟ್ಟಿತು. 1966ರಲ್ಲಿ ಟ್ರೆವರ್ ನನ್ ‘ರಿವೆಂಜರ್ಸ್ ಟ್ರ್ಯಾಜಿಡಿ’ಯನ್ನು ಎತ್ತಿಕೊಂಡಾಗ ನಗುವನ್ನು ತಡೆಯದೆ ವಿಂಡಿಚೆಯ ಕೈಗೇ ಕೊಟ್ಟರು. ಲಂಡನ್ನಿನ ಮರುನಿರ್ಮಿತ ಗ್ಲೋಬ್‌ನಲ್ಲಿ 2006ರಲ್ಲಿ ‘ಟೈಟಸ್’ ಆಡಿಸಿದ ಲೂಸಿ ಬೈಲಿ ಬ್ರೂಕ್‌ಗೆ ತದ್ವಿರುದ್ಧವಾದ ದಾರಿ ಹಿಡಿದು ರಕ್ತವನ್ನು ಮರೆಮಾಡದೆ ತೋರಿಸಿದರು. ಅಂಗಳದಲ್ಲಿ ನಿಂತು ನೋಡುತ್ತಿದ್ದವರಲ್ಲಿ ಕೆಲವರು ಮೂರ್ಛೆ ಹೋದರು.